ಅಂಧೇರಿಯ ಶಿಲಾಸ್ತಂಭ
ಭಾನುವಾರ ಬಂತೆಂದರೆ ಗ್ರಾಂಟ್ ರೋಡಿನ ಕನ್ನಡಿಗರ ಕಾರುಗಳು ಖಂಡಾಳದ ಹಾದಿ ಹಿಡಿಯುತ್ತವೆ. ಸುಮಾರು 20 ಕಿಲೋಮೀಟರು ದೂರದ ಅಂಧೇರಿಯ ಗಿಲ್ಬರ್ಟ್ ಗುಡ್ಡವನ್ನು ಕಂಡವರು ವಿರಳ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಶಿಲಾರಸವು ಆರುತ್ತ, ಕುಗ್ಗಿ ಸೀಳಿ, ನೆಟ್ಟನೆಯ ಕಂಬಗಳಾದುದರ ಫಲವಿದು. ಎತ್ತರ 200 ಅಡಿ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಬಲ್ಲ ಉಡುಪಿಯವರಿಗೆ ಇದು ನೆಂಟರ ಮನೆಯೇ ಸರಿ. ಆ ಕಲ್ಲು ಇದಕ್ಕಿಂತಲೂ ಪ್ರಾಚೀನವಾದುದು.

ಸುತ್ತಲಿನ ಬಂಡೆಯನ್ನು ಕಲ್ಲುಗಣಿಗಳು ನುಂಗಿದ ಮೇಲೆ, 2007ರಲ್ಲಿ ಮಹಾನಗರಪಾಲಿಕೆಯು ಇದನ್ನು ಪಾರಂಪರಿಕ ತಾಣವೆಂದು ಸಾರಿತು. ಆದರೂ ಬುಡಕ್ಕೆ ಮನೆಗಳು ಒತ್ತಿ ನಿಂತಿವೆ. ಮಳೆಗಾಲದಲ್ಲಿ ಕಲ್ಲು ಜಾರಿದರೆ ಅಲ್ಲಿಯ ಬಡವರ ಗತಿಯೇನು?

ನೆತ್ತಿಯ ಗಾಂವದೇವಿಯ ಗುಡಿಗೆ ಕಡಿದಾದ ಮೆಟ್ಟಿಲುಗಳಿವೆ. ವಾರವೆಲ್ಲ ಮೇಜಿನ ಮುಂದೆ ಕುಳಿತ ದೇಹವು ಒಂದೇ ಉಸಿರಿಗೆ ಏರತಕ್ಕದ್ದಲ್ಲ. ಎದೆ ಬಿಗಿದರೆ ಅಲ್ಲಿಯೇ ಕುಳಿತು, ತಡಮಾಡದೆ ವೈದ್ಯರನ್ನು ಕಾಣಬೇಕು.