ಬಿಸಿನೀರಿನ ಮೂರ್ಛೆ ಮತ್ತು ಡಾಕ್ಟರ್ ಮಣಿ

ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಮೂರ್ಛೆಯೊಂದಿದೆ. ನಾಲ್ಕಾರು ಚೊಂಬು ಬೀಳುತ್ತಿದ್ದಂತೆ ನೋಟ ಒಂದೇ ಕಡೆ ನಿಲ್ಲುತ್ತದೆ, ಮಾತು ತೊದಲುತ್ತದೆ, ಕೆಲವರು ಬಚ್ಚಲಲ್ಲೇ ಕುಸಿಯುತ್ತಾರೆ. ಇನ್ನು ಕೆಲವರು ನಿಲ್ಲಿಸಲಾಗದೆ ನೀರು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥ ಹುಡುಗನೊಬ್ಬನ ವರದಿ ಬಂದಿತ್ತು. ಆದರೆ ನಮ್ಮ ಕನ್ನಡ ಸೀಮೆಯಲ್ಲಿ ಇದು ಅಪರೂಪವಲ್ಲ ಎಂದು ತೋರಿಸಿಕೊಟ್ಟವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ. 1968ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ಅವರೂ ಸಹೋದ್ಯೋಗಿಗಳೂ ಒಂದು ಪುಟ್ಟ ಪ್ರಾಥಮಿಕ ವರದಿ ಬರೆದರು. 1972ರಲ್ಲಿ 60 ರೋಗಿಗಳ ವಿವರ ಕೊಟ್ಟರು.

ಇಂಥ ಕೆಲಸ ಮಾಡುವ ವಿಜ್ಞಾನಿಯ ತೂಕವನ್ನು ಇಂದು ಎಚ್-ಇಂಡೆಕ್ಸ್ ಎಂಬ ಲೆಕ್ಕದಿಂದ ಅಳೆಯುತ್ತಾರೆ. ತಲಾ 20 ಸಲವಾದರೂ ಉಲ್ಲೇಖಗೊಂಡ 20 ಲೇಖನಗಳಿದ್ದರೆ ಅಂಕ 20. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಇದನ್ನು ಸೂಚಿಸಿದರು. ನೌಕರಿಗೂ ಬಡ್ತಿಗೂ ಈಗ ಹಲವೆಡೆ ಇದನ್ನು ನೋಡುತ್ತಾರೆ. ಆದರೆ ಆ 1968ರ ವರದಿ ಎಷ್ಟು ದೂರ ಹೋಯಿತೆಂಬುದನ್ನು ಈ ಲೆಕ್ಕ ಹೇಳಲಾರದು.

ಆ ವರದಿಯ ಜಾಡು ಹಿಡಿದವರಲ್ಲಿ ಮುಖ್ಯರು, ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನಿರ್ದೇಶಕರಾದ ಡಾ. ಪಿ. ಸತೀಶ್‌ಚಂದ್ರ. 1988ರಲ್ಲಿ ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಅವರ ತಂಡ 279 ರೋಗಿಗಳ ಅಧ್ಯಯನ ಪ್ರಕಟಿಸಿತು. ಸುಡುಸುಡು ನೀರನ್ನು ಮೇಲಿಂದ ಮೇಲೆ ನೆತ್ತಿಗೆ ಸುರಿಯುವ ನಮ್ಮ ತಲೆಸ್ನಾನದ ರೂಢಿಯ ಮೇಲೆ ಜಗತ್ತಿನ ಕಣ್ಣು ಬಿತ್ತು. ಸಂಶೋಧಕರು ಇಲಿಗಳಿಗೆ ಬಿಸಿನೀರು ಹಾಕಿ ಮೂರ್ಛೆಯ ಬಗೆಯನ್ನು ಪರೀಕ್ಷಿಸಿದರು. 2009ರಲ್ಲಿ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ, ಸತೀಶ್‌ಚಂದ್ರರ ಜೊತೆಗೂಡಿ, ಇದು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಕುಟುಂಬಗಳನ್ನು ಶೋಧಿಸಿ 10ನೆಯ ಮತ್ತು 4ನೆಯ ವರ್ಣತಂತುಗಳ ಕಡೆಗೆ ಬೊಟ್ಟುಮಾಡಿತು. ಟರ್ಕಿಯ ವೈದ್ಯರೂ ತಮ್ಮಲ್ಲಿ ಇಂಥ ರೋಗಿಗಳನ್ನು ಗುರುತಿಸಿದರು.

ಮಣಿಯವರು ಮಾತ್ರ ಬಚ್ಚಲಿಗೇ ನಿಲ್ಲಲಿಲ್ಲ. ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಜನರನ್ನು ಕಳಿಸಿ ಮೂರ್ಛೆ ರೋಗಿಗಳನ್ನು ಹುಡುಕಿಸಿದರು. ಫಿನೊಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಫಿಟ್ಸ್ ಹಿಡಿತಕ್ಕೆ ತರಬಹುದೆಂದು ತೋರಿಸಿದ ಆ ಕೆಲಸ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು. ಕಾಡಂಚಿನ ಒಂದು ಪುಟ್ಟ ತಾಲ್ಲೂಕಿನ ಹೆಸರು ಆ ಲೇಖನದ ಶೀರ್ಷಿಕೆಯಲ್ಲಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಇದಕ್ಕಿಂತ ದೊಡ್ಡದೆಂದು ನಾನು ಎಣಿಸುವುದು ಇನ್ನೊಂದಿದೆ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಮತಿಭ್ರಮಣೆಯ ಪಕ್ಕದಲ್ಲೇ ಮೂರ್ಛೆ ರೋಗವೂ ಕೂತಿತ್ತು. ಪದೇ ಪದೇ ಫಿಟ್ಸ್ ಬರುವವರ ಮದುವೆಯನ್ನು ಅದರ ಬಲದಿಂದ ಅನೂರ್ಜಿತಗೊಳಿಸಬಹುದಿತ್ತು. ಇದರ ವಿರುದ್ಧ ಭಾರತೀಯ ಅಪಸ್ಮಾರ ಸಂಘ ಹೋರಾಡಿತು, ಮಣಿಯವರು ಅದರ ಮುಂಚೂಣಿಯಲ್ಲಿದ್ದರು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಎಷ್ಟು ಹೆಣ್ಣುಮಕ್ಕಳ ಬಾಳು ಇದರಿಂದ ಉಳಿಯಿತೋ! ಯಾವ ಉಲ್ಲೇಖಗಳ ಪಟ್ಟಿಯೂ ಇದನ್ನು ಎಣಿಸುವುದಿಲ್ಲ. ಸಂಶೋಧಕರನ್ನು ಆಯ್ಕೆ ಮಾಡುವ ಸಮಿತಿಗಳು ಇಂಥ ಕೆಲಸವನ್ನೂ ತೂಗಬೇಕು.

ಕಾನೂನು ಬದಲಾದರೂ ಮನೆಗಳಲ್ಲಿ ಅಂಜಿಕೆ ಹೋಗಿಲ್ಲ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲೂ ಸಂಬಂಧ ಕುದುರುವ ಹೊತ್ತಿಗೆ ಫಿಟ್ಸ್ ಮಾತನ್ನು ಮುಚ್ಚಿಡುವವರಿದ್ದಾರೆ. ಹಂಡೆ ಒಲೆ ಊರಲ್ಲೇ ಉಳಿದಿರಬಹುದು. ಆದರೆ ಗೀಸರಿನ ನೀರು ಅಷ್ಟೇ ಸುಡುತ್ತದೆ, ಎಣ್ಣೆ ಹಚ್ಚಿ ತಲೆಗೆ ಸುರಿಯುವ ರೂಢಿ ನಮ್ಮೊಂದಿಗೇ ಬಂದಿದೆ. ವಂಶದಲ್ಲಿ ಬಂದದ್ದು ರೈಲು ಹತ್ತಿದ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ.

ನೀರಿನ ಬಿಸಿ ಇಳಿಸಿದರೆ ಹಲವರಲ್ಲಿ ಈ ಮೂರ್ಛೆ ಬರುವುದೇ ಇಲ್ಲ. ಕೆಲವರಿಗೆ ಸ್ನಾನಕ್ಕೆ ಮುಂಚೆ ಮಾತ್ರ ತೆಗೆದುಕೊಳ್ಳುವ ಮಾತ್ರೆ ಕೊಡುತ್ತಾರೆ. ಸ್ನಾನವಿಲ್ಲದೆಯೂ ಮುಂದೆ ಫಿಟ್ಸ್ ಬರುವ ಸಾಧ್ಯತೆ ಕೆಲವರಲ್ಲಿ ಇರುವುದರಿಂದ ತಜ್ಞರಿಗೆ ತೋರಿಸುವುದು ತಪ್ಪಬಾರದು. ನಿಮ್ಮ ಮನೆಯ ಮಗುವೋ ಹಿರಿಯರೋ ತಲೆಸ್ನಾನದ ನಡುವೆ ಮಂಕಾಗಿ ನಿಂತರೆ, ತೊದಲಿದರೆ ಅಲಕ್ಷಿಸಬೇಡಿ. ಬಚ್ಚಲಿನ ಚಿಲಕ ಹಾಕಬೇಡಿ, ನೀರು ಉಗುರುಬೆಚ್ಚಗಿರಲಿ, ನರರೋಗ ತಜ್ಞರನ್ನು ಬೇಗ ಕಾಣಿರಿ. ದಕ್ಷಿಣದವರಲ್ಲಿ ಹೆಚ್ಚಾಗಿ ಕಾಣುವ ಈ ತೊಂದರೆ ಇಲ್ಲಿ ಮುಂಬಯಿ ಕಡೆಯ ವೈದ್ಯರಿಗೆ ತಟ್ಟನೆ ಹೊಳೆಯದೇ ಇರಬಹುದು. ಅವರು ಕೇಳದಿದ್ದರೂ, ತಲೆಗೆ ಬಿಸಿನೀರು ಬಿದ್ದಾಗ ಹೀಗಾಯಿತು ಎಂಬುದನ್ನು ನೀವಾಗಿಯೇ ಹೇಳಿ.