ನಮ್ಮದೇ ಮೀನು ಬೇಕೆಂದರೆ 336 ಲೀಟರ್

ಹೊಸ ಕೀಟನಾಶಕ ಮೀನಿಗೆ ಎಷ್ಟು ವಿಷ ಎಂದು ಅಳೆಯಲು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) 203ನೇ ಮಾರ್ಗಸೂಚಿ ಕೇಳುವುದು ಇಷ್ಟು: ಐದು ಪ್ರಮಾಣದ ವಿಷನೀರು, ಒಂದು ಬರಿನೀರು, ತೊಟ್ಟಿಗೆ ಕನಿಷ್ಠ 7 ಮೀನು, 96 ಗಂಟೆ. ಒಟ್ಟು 42 ಮೀನು. ಎಷ್ಟು ವಿಷಕ್ಕೆ ಅರ್ಧದಷ್ಟು ಸಾಯುತ್ತವೆ ಎಂಬುದೇ ಉತ್ತರ.

ಯಾವ ಮೀನು ಎಂಬಲ್ಲಿ ಜಗಳ ಶುರುವಾಗುತ್ತದೆ. ಪರೀಕ್ಷೆಗೆ ಬಳಸುವ ಪರದೇಶದ ಟ್ರೌಟ್ ಸತ್ತರೆ ನಮ್ಮ ಕೆರೆಗೇನು ಎಂಬ ತಕರಾರು ನ್ಯಾಯವಾದದ್ದೇ. ಟ್ರೌಟ್ ಇರುವ 15 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 30 ಡಿಗ್ರಿಯ ಕೆರೆಯಲ್ಲಿ 7.5.

ಹಾಗಾದರೆ ರೋಹು ತರೋಣ. ಭಾರತದ್ದೇ, ಆದರೆ ಗಂಗೆಯ ಕಡೆಯದು. ಕಾವೇರಿಗೆ ಬಿತ್ತನೆ ಮರಿಯಾಗಿ ಬಂದದ್ದು. ಲೀಟರಿಗೆ ಒಂದು ಗ್ರಾಂ ಮೀನು ಎಂದು ಹಿಡಿದರೂ (ಎಚ್ಚರದವರು ಇನ್ನೂ ಕಡಿಮೆ ಬಿಡುತ್ತಾರೆ) 2 ಗ್ರಾಂ ತೂಗುವ ಏಳು ಮರಿಗೆ 14 ಲೀಟರ್, ಆರು ತೊಟ್ಟಿಗೆ 84. ದಿನಕ್ಕೊಮ್ಮೆ ನೀರು ಬದಲಿಸಿದರೆ ನಾಲ್ಕು ದಿನಕ್ಕೆ 336. ಅದರಲ್ಲಿ 280 ಲೀಟರ್ ವಿಷನೀರು, ಚರಂಡಿಗೆ ಚೆಲ್ಲುವಂತಿಲ್ಲ. ಸಾಲದ್ದಕ್ಕೆ ರೋಹು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಫೆಬ್ರವರಿಯಲ್ಲಿ ಒಂದೇ ವಯಸ್ಸಿನ 42 ಹೊಸ ಮರಿ ಬೇಕೆಂದರೆ ಪರದಾಟ.

ಪರದೇಶಿ ಎಂದು ಹಲವರು ಅಂದುಕೊಂಡಿರುವ ಜೀಬ್ರಾಮೀನು ನಮ್ಮದೇ. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಅದನ್ನು ಬಣ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಬುಕಾನನ್ ಇವನೇ. 0.3 ಗ್ರಾಮಿನ ಈ ಮೀನಿಗೆ 3 ಲೀಟರಿನ ತೊಟ್ಟಿ ಸಾಕು: ನಾಲ್ಕು ದಿನಕ್ಕೆ 72 ಲೀಟರ್. ವರ್ಷವಿಡೀ ಮೊಟ್ಟೆ ಬೇರೆ.

ಮೀನಿನಂತೆಯೇ ವಿಷಪರೀಕ್ಷೆಗೆ ಬಳಸುವ ಪುಟ್ಟ ಜೀವಿ ನೀರುಚಿಗಟ. ಅದರ ಲೆಕ್ಕ ಇನ್ನೂ ಸೋಜಿಗ. ಒಇಸಿಡಿಯದೇ 202ನೇ ಮಾರ್ಗಸೂಚಿಗೆ ಹುಟ್ಟಿ 24 ಗಂಟೆಯೊಳಗಿನ 120 ಮರಿ ಬೇಕು. ತಲೆಗೆ 2 ಮಿಲಿಲೀಟರ್, ಒಟ್ಟು 240. ಒಂದು ದೊಡ್ಡ ಲೋಟ ನೀರು! ಎಲ್ಲರೂ ಬಳಸುವ ಡ್ಯಾಫ್ನಿಯಾ ಮ್ಯಾಗ್ನಾ 20 ಡಿಗ್ರಿಯಲ್ಲಿ ನೆಮ್ಮದಿಯಾಗಿರುವ ಜೀವಿ. ಅದರ ಬದಲಿಗೆ ನಮ್ಮ ಕೆರೆಕುಂಟೆಗಳ ನೀರುಚಿಗಟ ಮೊಯ್ನಾ? ಅಲಂಕಾರದ ಮೀನು ಸಾಕುವವರ ಮನೆಯ ಬಕೆಟ್ಟಿನಲ್ಲೂ ಬೆಳೆಯುತ್ತದೆ. ಆದರೆ ಮರಿ 0.4 ಮಿಲಿಮೀಟರಿಗಿಂತ ಸಣ್ಣದು, ಟೀ ಜಾಲರಿಯಲ್ಲಿ ನಿಲ್ಲದು. ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ, 15 ಸೆಕೆಂಡು ಕಾದು, ಈಜದೆ ಉಳಿದವನ್ನು ಎಣಿಸಬೇಕು, ಕಣ್ಣು ಸೋಲುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಹೊಟ್ಟೆಯದು. ಪರೀಕ್ಷೆಯ 48 ಗಂಟೆ ಮೇವಿಲ್ಲ. ಮ್ಯಾಗ್ನಾ ಬಸುರಾಗಲು 6ರಿಂದ 10 ದಿನ ತೆಗೆದುಕೊಳ್ಳುತ್ತದೆ, ಎರಡು ದಿನದ ಉಪವಾಸ ತಾಳುತ್ತದೆ. ಬೆಚ್ಚನೆ ನೀರಿನ ಮೊಯ್ನಾ ಎರಡರಿಂದ ನಾಲ್ಕು ದಿನಕ್ಕೇ ತಾಯಿ. 48 ಗಂಟೆ ಅದರ ಬಾಲ್ಯದ ಅರ್ಧಕ್ಕೆ ಕಡಿಮೆಯಿಲ್ಲ. ಬರಿನೀರಿನ 20ರಲ್ಲಿ 2ಕ್ಕಿಂತ ಹೆಚ್ಚು ಮರಿ ನಿಶ್ಚಲವಾದರೆ ಇಡೀ ಪರೀಕ್ಷೆ ರದ್ದು.

ಹಾಗೆಂದು ಸ್ಥಳೀಯ ಜೀವಿಗಳ ಮೇಲೆ ಪರೀಕ್ಷೆ ಆಗದ ಮಾತೇನಲ್ಲ. ಆಸ್ಟ್ರೇಲಿಯಾದ ರೇಂಜರ್ ಯುರೇನಿಯಂ ಗಣಿಯ ಪಕ್ಕದ ಮಗೇಲಾ ಹಳ್ಳಕ್ಕೆ ಅಲ್ಲಿನದೇ ಐದು ಜೀವಿಗಳ ಮೇಲೆ ಪರೀಕ್ಷಿಸಿ ಲೀಟರಿಗೆ 6 ಮೈಕ್ರೊಗ್ರಾಂ ಯುರೇನಿಯಂ ಮಿತಿ ಹಾಕಿದ್ದರು. ಮುಂದೆ ಪರೀಕ್ಷೆ ಹೆಚ್ಚಿದಂತೆ ಅದು 2.8ಕ್ಕೆ ಇಳಿಯಿತು. ಆ ಜೀವಿಗಳಲ್ಲಿ ಒಂದು ಮೊಯ್ನಾದ ದಾಯಾದಿ.

ನನ್ನನ್ನು ಕೇಳಿದರೆ, ಮೀನಿಗೆ ಜೀಬ್ರಾ ಇರಲಿ. ರೋಹುವಿನ 336 ಲೀಟರಿಗೆ ಸುರಿಯುವ ದುಡ್ಡು ಮೊಯ್ನಾಗೆ ಹೋಗಲಿ. ಮೊದಲು ವಿಷವೇ ಬೇಡ. ಬರಿನೀರಿನಲ್ಲಿ, ಮೇವಿಲ್ಲದೆ, 24 ಗಂಟೆಗೆ ಎಷ್ಟು ಈಜುತ್ತವೆ, 48ಕ್ಕೆ ಎಷ್ಟು, ಎಣಿಸಿ ನೋಡಲಿ.