ಉಪ್ಪಿನಬೆಟಗೇರಿ ಮಾಳಿಗಿ ಮ್ಯಾಲೊಂದು ಹಡಗ

ಎರೆಮಣ್ಣಿನ ಸೀಮೆಯಲ್ಲಿ ಹಾಯಿಹಡಗು ಕಂಡೆ ಅಂದರೆ ಧಾರವಾಡದ ಮಂದಿ ನಕ್ಕಾರು. ಆದರೆ ಉಪ್ಪಿನಬೆಟಗೇರಿಯ ಗೆಳೆಯರೊಬ್ಬರ ಮಾಳಿಗೆಯ ಮೇಲೆ, ಕಬ್ಬಿಣದ ಕೊಳವೆಯ ತುದಿಯಲ್ಲಿ, ಮೊಳದುದ್ದದ ತಗಡಿನ ಹಡಗು ಪಡುವಣಕ್ಕೆ ಮೂತಿ ಮಾಡಿ ಗಡಗಡ ನಡುಗುತ್ತಿತ್ತು. ಶ್ರಾವಣದ ಗಾಳಿ, ಕೇಳಬೇಕೆ? ಗಾಳಿ ಸ್ವಲ್ಪ ಹೊರಳಿದರೂ ಹಡಗು ಹೊರಳುತ್ತಿತ್ತು. ಚಹಾ ಆರಿತೆಂದು ಕೆಳಗಿನಿಂದ ಕೂಗಿದರೂ ನನಗೆ ಇಳಿಯುವ ಮನಸ್ಸಿಲ್ಲ.

ಮೊಬೈಲಿನ ಚಿತ್ರ ನೋಡಿ ಊರಿನ ವೆಲ್ಡಿಂಗ್ ಅಂಗಡಿಯವರೇ ಕತ್ತರಿಸಿದ್ದು. ತಿರುಗಣಿಗೆ ಹಳೆ ಸೈಕಲ್ಲಿನ ಹಬ್. ‘ಮದಲ ನಟ್ಟ ನಡುವ ಕೀಲ ಇಟ್ಟಿದ್ವಿರಿ, ಗಾಳಿಗೆ ಅಡ್ಡಡ್ಡ ನಿಂತ ಬಿಡ್ತು’ ಎಂದರು. ಅದು ಸರಿಯೇ. ನಡುವೆ ಕೀಲಿಟ್ಟ ಚಪ್ಪಟೆ ತಗಡು ಗಾಳಿಯ ನೇರಕ್ಕೆ ನಿಲ್ಲುವುದಿಲ್ಲ. ಕೊಂಚ ಓರೆಯಾದೊಡನೆ ಒತ್ತಡ ಮುಂದಿನ ಅರ್ಧದ ಮೇಲೇ ಹೆಚ್ಚು ಬಿದ್ದು, ತಗಡು ಇನ್ನಷ್ಟು ತಿರುಗಿ ಅಡ್ಡಕ್ಕೆ ಹೋಗಿ ಕೂಡುತ್ತದೆ. ಕೀಲನ್ನು ಮೂತಿಯ ಕಡೆ ಸರಿಸಿದರೆ ಹಿಂದೆ ಉಳಿದ ದೊಡ್ಡ ಹಾಯಿಯನ್ನು ಗಾಳಿ ತಳ್ಳಿಕೊಂಡು ಹೋಗುತ್ತದೆ, ಮೂತಿ ತಾನಾಗಿ ಗಾಳಿ ಬರುವ ದಿಕ್ಕಿಗೆ ಬರುತ್ತದೆ. ಆಗ ಹಿಂಬದಿಯ ಭಾರ ಹೆಚ್ಚಾಗಿ ಕೀಲು ಒಂದೇ ಮಗ್ಗುಲಿಗೆ ಸವೆಯುತ್ತದಲ್ಲ, ಅದಕ್ಕೆ ಮೂತಿಯಲ್ಲಿ ನಾಲ್ಕು ನಟ್ಟು ಬೆಸೆದಿದ್ದಾರೆ. ತೂಕ ಎರಡೂ ಕಡೆ ಸಮ, ಅಗಲ ಮಾತ್ರ ಹಿಂದೆ ಹೆಚ್ಚು. ಗಾಳಿ ದಿಕ್ಕು ತೋರುವ ಯಾವ ಸಾಧನದ ಗುಟ್ಟೂ ಇಷ್ಟೇ. ಹುಂಜವಾಗಲಿ, ಬಾಣವಾಗಲಿ, ಹಡಗಾಗಲಿ, ಗಾಳಿಗೆ ರೂಪದ ಹಂಗಿಲ್ಲ.

ನನಗೆ ಮೋಜೆನಿಸಿದ್ದು ಬೇರೆ. ಹಾಯಿಹಡಗು ಯಾವ ದಿಕ್ಕಿಗೆ ಬೇಕಾದರೂ ಹೋದೀತು, ಗಾಳಿಗೆ ನೇರ ಎದುರಾಗಿ ಮಾತ್ರ ಹೋಗಲಾರದು. ಗಾಳಿಯಿಂದ ಸುಮಾರು 45 ಡಿಗ್ರಿ ಓರೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಅಂಕುಡೊಂಕಾಗಿ ಸಾಗಬೇಕು. ನೇರ ಎದುರು ಮಾಡಿದರೆ ಹಾಯಿ ಪಟಪಟ ಬಡಿದುಕೊಂಡು ಹಡಗು ನಿಂತೇಬಿಡುತ್ತದೆ. ಮಾಳಿಗೆಯ ಹಡಗು ವರ್ಷವಿಡೀ ಮುಖ ಮಾಡುವುದು ಆ ಒಂದು ದಿಕ್ಕಿಗೇ! ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೌಕಾಪಡೆಯ ಹಳೆಯ ಕಟ್ಟಡ ಅಡ್ಮಿರಾಲ್ಟಿಯ ಶಿಖರ 72 ಮೀಟರಿಗೂ ಎತ್ತರ. ಅದರ ತುದಿಯ ಚಿನ್ನದ ಹಡಗು ಆ ನಗರದ ಗುರುತೇ ಆಗಿದೆ. ಕಡಲು ಬಲ್ಲವರು ಇಟ್ಟ ಹಡಗಿನದೂ ಇದೇ ಪಾಡು. ಹಾಯಿಗಳನ್ನು ಉಬ್ಬಿಸಿ ಕೆತ್ತುವ ಶಿಲ್ಪಿಗಳು ಎದುರುಗಾಳಿಗೆ ಹಾಯಿ ಹಾಗೆ ಉಬ್ಬುವುದುಂಟೇ ಎಂದು ಕೇಳಿಕೊಳ್ಳುವುದಿಲ್ಲ. ನನ್ನ ತಕರಾರು ಕೇಳಿದ ಗೆಳೆಯರು ‘ಇದೇನ ಕಾರವಾರಕ್ಕ ಹೊಂಟೈತೇನ್ರಿ’ ಎಂದು ಸುಮ್ಮನಾಗಿಸಿದರು.

ನಮ್ಮಲ್ಲಿ ಗಾಳಿಯ ಗುರುತು ಧ್ವಜ. ವಾಯವ್ಯದ ಒಡೆಯ ವಾಯುವಿನ ಕೈಯಲ್ಲಿರುವುದೂ ಅದೇ. ಧ್ವಜ ಗಾಳಿ ಹೋಗುವ ಕಡೆ ಹಾರುತ್ತದೆ, ಹಡಗು ಗಾಳಿ ಬರುವ ಕಡೆ ನೋಡುತ್ತದೆ. ಹೊಸಬರು ಎಡವುವುದು ಇಲ್ಲೇ. ಹವಾಮಾನದವರ ಲೆಕ್ಕದಲ್ಲಿ ಗಾಳಿಗೆ ಹುಟ್ಟಿದ ದಿಕ್ಕಿನದೇ ಹೆಸರು, ಪಡುಗಾಳಿ ಎಂದರೆ ಪಡುವಣದಿಂದ ಬಂದದ್ದು. ಹುಬ್ಬಳ್ಳಿ ವಿಮಾನ ನಿಲ್ದಾಣದ ರನ್‌ವೇಗೆ 08 ಮತ್ತು 26 ಎಂಬ ಸಂಖ್ಯೆ ಇರುವುದು ಅದು 80 ಮತ್ತು 260 ಡಿಗ್ರಿಗೆ, ಹೆಚ್ಚುಕಡಿಮೆ ಮೂಡಣ-ಪಡುವಣಕ್ಕೆ ಮಲಗಿರುವುದರಿಂದ. ವಿಮಾನ ಇಳಿಯಬೇಕಾದದ್ದೂ ಗಾಳಿಗೆ ಮುಖ ಕೊಟ್ಟೇ ತಾನೆ?

ಗಾಳಿಯ ದಿಕ್ಕು ತೋರುವ ಸಾಧನಗಳ ಕತೆ ಹಳೆಯದು. ಅಥೆನ್ಸಿನ ಎಂಟು ಮುಖದ ಅಮೃತಶಿಲೆಯ ಗಾಳಿಗೋಪುರದ ನೆತ್ತಿಯಲ್ಲಿ ಕ್ರಿಸ್ತಪೂರ್ವದಲ್ಲೇ ಗ್ರೀಕರ ಕಡಲದೇವ ಟ್ರೈಟನ್‌ನ ಕಂಚಿನ ಮೂರ್ತಿ ತಿರುಗುತ್ತಿತ್ತು. ಬಾಲ್ಟಿಕ್ ಕರಾವಳಿಯ ಕುರೋನಿಯನ್ ಹಿನ್ನೀರಿನಲ್ಲಿ ಮೀನುಗಾರರ ದೋಣಿಗಳಿಗೆ 1844ರಲ್ಲಿ ಊರಿಗೊಂದು ಬಣ್ಣದ ಗುರುತುಪಟ ಕಡ್ಡಾಯವಾಯಿತು. ಗಾಳಿ ನೋಡಲಿಕ್ಕಲ್ಲ, ಕದ್ದು ಮೀನು ಹಿಡಿಯುವವರ ಊರು ಪತ್ತೆ ಮಾಡಲಿಕ್ಕೆ. ಜನ ಅದನ್ನೇ ಕೆತ್ತಿ ಅಲಂಕರಿಸಿ ಮನೆಯ ಚೆಂದ ಮಾಡಿಕೊಂಡರು.

ಅಷ್ಟಾದರೂ ಗೆಳೆಯರ ಹಡಗಿನ ಮಾತನ್ನು ನಾನು ಪೂರ್ತಿ ನಂಬಲಾರೆ. ಕೊಳವೆಯ ಪಕ್ಕದಲ್ಲೇ ನೀರಿನ ಟ್ಯಾಂಕಿ ಇದೆ. ಅದನ್ನು ಬಳಸಿ ಬರುವ ಗಾಳಿ ಸುಳಿಯಾಗಿ ಬರುತ್ತದೆ, ಹಡಗು ಆ ಸುಳಿಯ ದಿಕ್ಕನ್ನೇ ತೋರುತ್ತದೆ. ಅಡ್ಡ ಇರುವ ವಸ್ತುವಿನ ಎತ್ತರದ ಹತ್ತು ಪಟ್ಟಾದರೂ ದೂರ ಬೇಕು ಎನ್ನುವುದು ಹವಾಮಾನದವರ ನಿಯಮ. ಕೃಷಿ ಹವಾಮಾನ ವೀಕ್ಷಣಾಲಯಗಳಲ್ಲಿ ಬಯಲಿನ ನಡುವೆ 10 ಅಡಿ ಕಂಬ ನೆಟ್ಟು ಮೇಲೆ ಬಾಣ ಕೂರಿಸಿರುತ್ತಾರೆ. ಚೆಂದಕ್ಕಲ್ಲ, ಓದಲಿಕ್ಕೆ. ದಿಕ್ಕಿನ ಅಕ್ಷರಗಳನ್ನು ಮಾತ್ರ ನಮ್ಮವರು ಸರಿಯಾಗಿ ಕೂರಿಸಿದ್ದಾರೆ. ಇಲ್ಲಿ ದಿಕ್ಸೂಚಿಯ ಮುಳ್ಳಿಗೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯ ಆಸುಪಾಸಿನ ವ್ಯತ್ಯಾಸವಷ್ಟೆ, ಮಾಳಿಗೆಯ ಹಡಗಿಗೆ ಅದು ಲೆಕ್ಕಕ್ಕಿಲ್ಲ.

‘ಟ್ಯಾಂಕಿ ಸರಸಬೇಕು, ಇಲ್ಲಾ ಹಡಗ ಎತ್ತರಸಬೇಕು’ ಅಂದೆ. ಗೆಳೆಯರು ಕೊಳವೆಯನ್ನು ಕೆಳಗಿಂದ ಮೇಲಕ್ಕೊಮ್ಮೆ ನೋಡಿ, ‘ಎತ್ತರಸೂದ ಸೋವಿರಿ’ ಎಂದು ವೆಲ್ಡಿಂಗ್ ಅಂಗಡಿಗೆ ಫೋನು ಹಚ್ಚಿದರು.